ಗಾಳಿ ಸೋಕದ ಕೋಣೆ

ಮುದಗಲ್ಲು, ಕೋಟೆ ಹಿಂದಿನ ಓಣಿ, ಮನೆ ನಂಬರ್ ನಲವತ್ತೊಂದು.
ಬಂಡೆಯೇ ನೆಲ, ಬಂಡೆಯೇ ಗೋಡೆ.
ಜಂತಿಗೆ ಪ್ಲಾಸ್ಟಿಕ್ ಲೋಟ ಬೋರಲು ಕಟ್ಟಿದೆ,
ಒಳಗೆ ಉಗುರಗಲ ಫಿಲಂ.
"ಮೂರು ತಿಂಗಳು ಮುಟ್ಟಬ್ಯಾಡ್ರಿ. ಹೆಂಗದೀರಿ ಹಂಗ ಇರ್ರಿ."

"ಏನ್ ಹಿಡೀತದ ಇದು?" ಮಾಬೂಬಿ.
ಕಲ್ಲು ಬಿಡೋ ಉಸಿರು, ಅಂದೆ. ರೇಡಾನ್.
ಬಣ್ಣಿಲ್ಲ, ವಾಸನಿಲ್ಲ, ಪುಪ್ಪುಸ ಹೊಕ್ಕರ ಅಲ್ಲೇ ಮನಿ ಮಾಡ್ತದ.
ಮುದುಕಿ ಕಿಟಕಿ ನೋಡಿದಳು.
ಸಂದಿಗೆಲ್ಲ ಹಳೇ ಸೀರೆ ತುರುಕಿತ್ತು;
ಒಳಗೆ ಬಾಣಂತಿ ಮೊಮ್ಮಗಳು, ಹನ್ನೊಂದು ದಿನದ ಕೂಸು, ಲೋಬಾನದ ಹೊಗೆ.
"ಹೊರಗಿನ ಗಾಳಿಗೇ ಹೆದರಿದ್ವಲ್ಲವ್ವಾ ಇಷ್ಟು ದಿನ."

ಫಿಲಂ ಸೋಡಾದಲ್ಲಿ ಕಾಯಿಸಿ, ತೊಳೆದು, ಸೂಕ್ಷ್ಮದರ್ಶಕದಡಿ ಇಟ್ಟೆ.
ಓಣಿಯ ಉಳಿದ ಮನೆಗಳಲ್ಲಿ ಜರಡಿಯಂಥ ತೂತು,
ಎಣಿಸಿ, ತಪ್ಪಿ, ಮತ್ತೆ ಮೊದಲಿಂದ.
ನಲವತ್ತೊಂದರಲ್ಲಿ ಬೆರಳೆಣಿಕೆ.
ನಕ್ಷೆಯ ಮೇಲೆ ಕಡುಗೆಂಪು ಚೌಕಗಳ ನಡುವೆ ಅದೊಂದೇ ಹಳದಿ,
ಬಿದ್ದ ಹಲ್ಲಿನ ಜಾಗದಂತೆ.
"ಲೋಟ ಕೆಟ್ಟಿತ್ತೇನು?" ಸಾಹೇಬರು ಕೇಳಿದರು.

ಮತ್ತೆ ಹೋದೆ. ಲೋಟಕ್ಕೇನೂ ಆಗಿರಲಿಲ್ಲ.
ಕಿಟಕಿಯ ಸೀರೆ ಕೌದಿಗೆ ಹೋಗಿತ್ತು,
ಕೂಸು ಬೆಳಕಿನ ಪಟ್ಟಿಯೊಳಗೆ ಕಾಲು ಬಡಿಯುತ್ತಿತ್ತು.
ಇದ್ದಂಗ ಇರ್ರಿ ಅಂದಿದ್ದೆನಲ್ಲ, ಅಂದೆ,
ದನಿಯಲ್ಲಿ ಸಿಟ್ಟು ತರಲು ನೋಡಿ.
ಮಾಬೂಬಿ ಚಹಾ ಸೋಸುತ್ತಿದ್ದಳು.

ನಕ್ಷೆ ತಪ್ಪಾಗಿದೆ. ತಿದ್ದಿಲ್ಲ ಇನ್ನೂ.