ಸೇತುವೆ, ಇಪ್ಪತ್ತು ಮಿಲಿಮೀಟರ್

ಕನ್ನಡಕದಂಗಡಿಯಲ್ಲಿ ನನ್ನ ಕೆಲಸ ಮೂಗುಗಳದ್ದು.
ಕಣ್ಣನ್ನು ಡಾಕ್ಟರು ನೋಡುತ್ತಾರೆ, ಒಳಕೋಣೆಯಲ್ಲಿ.
ನಾನು ಹೊರಗೆ, ಗಾಜಿನ ಮೇಜಿನ ಹಿಂದೆ,
ಚೌಕಟ್ಟು ಎಲ್ಲಿ ಕೂರುತ್ತದೆ, ಎಲ್ಲಿ ಜಾರುತ್ತದೆ
ಅಳೆದು ಬರೆದುಕೊಳ್ಳುವವಳು.
ಎರಡು ಗಾಜುಗಳ ನಡುವಿನ ಆ ಪುಟ್ಟ ಕಮಾನಿಗೆ
ನಮ್ಮ ಕಸುಬಿನಲ್ಲಿ ಸೇತುವೆ ಅನ್ನುತ್ತಾರೆ.
ಮಕ್ಕಳಿಗೆ ಹದಿನಾಲ್ಕು. ಎರವಾನಿನ ಟ್ಯಾಕ್ಸಿಯವರಿಗೆ ಇಪ್ಪತ್ತು.
ನನಗೂ ಇಪ್ಪತ್ತು.

ಇದು ಅಪ್ಪನ ಮೂಗು. ನಡುವೆ ಒಂದು ದಿಣ್ಣೆ,
ಆಮೇಲೆ ಇಳಿಜಾರು, ತುದಿಯಲ್ಲಿ ಕೊಕ್ಕೆ.
ಅವನು ಟೈಲ್ಸ್ ಹಾಕಲು ಕ್ರಾಸ್ನೊದಾರಿಗೆ ಹೋದಾಗ
ನನಗೆ ಒಂಬತ್ತು. ಮೊದಮೊದಲು ದುಡ್ಡು ಬಂತು,
ಆಮೇಲೆ ಬರೀ ಫೋನು,
ಆಮೇಲೆ ಯಾರದೋ ಬಾಯಿಂದ ಸುದ್ದಿ:
ಅಲ್ಲೊಂದು ಮನೆ, ಆ ಮನೆಯಲ್ಲೊಂದು ಮಗು.
ಅವನ ಕೋಟನ್ನು ಅಮ್ಮ ಕೆಳಮಹಡಿಯವರಿಗೆ ಕೊಟ್ಟಳು.
ಫೋಟೋಗಳನ್ನು ಕತ್ತರಿಸಿದಳು,
ತನ್ನ ಭುಜಕ್ಕೆ ತಾಗದ ಹಾಗೆ, ಜಾಗ್ರತೆಯಾಗಿ.
ಉಳಿದದ್ದು ಇದೊಂದೇ.
ದಿನವೂ ಊಟದ ಹೊತ್ತಿಗೆ ತಪ್ಪದೆ ಬಂದು
ಅವಳ ಎದುರಿಗೇ ಕೂರುತ್ತದೆ.

ಈ ಏಪ್ರಿಲ್‌ನಲ್ಲಿ ಹಿಟ್ಟಿನ ಡಬ್ಬದೊಳಗಿಂದ
ಒಂದು ಲಕೋಟೆ ತೆಗೆದು ಮುಂದಿಟ್ಟಳು.
"ಮಾಡಿಸಿಕೋ ಶೋಗೆರ್. ನಾರೀನೆ ಮಾಡಿಸಿಕೊಳ್ಳಲಿಲ್ಲವೇ?"
ನಮ್ಮಲ್ಲಿ ಇದೇನೂ ಗುಟ್ಟಲ್ಲ,
ಮೂಗಿಗೆ ಪಟ್ಟಿ ಹಾಕಿಕೊಂಡೇ ಹುಡುಗಿಯರು ಕಾಫಿಗೆ ಹೋಗುತ್ತಾರೆ,
ಹೊಸ ಚಪ್ಪಲಿ ಮೆಟ್ಟಿ ಹೊರಟ ಹಾಗೆ.
ಬೇಡ ಅನ್ನಲಿಲ್ಲ ನಾನು. ಸುಳ್ಳೇಕೆ, ಬೇಕಿತ್ತು.
ಹದಿನಾರರಿಂದ ಯಾವ ಫೋಟೋದಲ್ಲೂ ಪಕ್ಕಕ್ಕೆ ತಿರುಗಿದವಳಲ್ಲ.
ಬಸ್ಸಿನ ಕಿಟಕಿಯಲ್ಲಿ ಸಂಜೆ ನನ್ನದೇ ನೆರಳು ಕಂಡು
ಸೀಟು ಬದಲಿಸಿದ್ದೇನೆ.

ಡಾಕ್ಟರ್ ವರಾಜ್ದತ್ ಮೆಲುಮಾತಿನವರು.
"ಕನ್ನಡಕ ತೆಗೆಯಿರಿ." ಮುಂದಿನಿಂದ ಒಂದು ಫೋಟೋ, ಪಕ್ಕದಿಂದ ಒಂದು.
ಪರದೆಯಲ್ಲಿ ಏನನ್ನೋ ಎಳೆದರು, ತೀಡಿದರು.
"ನೋಡಿ, ಇದು ನೀವು."
ಮೈನಸ್ ಎಂಟರ ಕಣ್ಣಿಗೆ ಕಂಡದ್ದು
ಬಿಳಿ ಮೇಲೆ ಒಂದಿಷ್ಟು ಜೇನುಬಣ್ಣ.
ಕನ್ನಡಕ ಹಾಕಿಕೊಂಡೆ.
ಅಲ್ಲಿದ್ದವಳು ಚೆಂದವಿದ್ದಳು. ಕನ್ನಡಕವಿರಲಿಲ್ಲ.
"ಇವಳ ಚೌಕಟ್ಟು ಎಲ್ಲಿ ಕೂರುತ್ತದೆ ಡಾಕ್ಟರ್?"
"ಆರು ವಾರ ಕೂರಿಸುವ ಹಾಗಿಲ್ಲ.
ಹಣೆಗೆ ಟೇಪು ಅಂಟಿಸಿ ನೇತುಹಾಕಿಕೊಳ್ಳಬಹುದು."
ಲೆನ್ಸು ನನ್ನ ಕಣ್ಣಿಗೆ ಒಗ್ಗದು, ಟೇಪು ಚರ್ಮಕ್ಕೆ.
ಅಂದರೆ ಆರು ವಾರ
ನನ್ನ ಹೊಸ ಮೂಗನ್ನು ಊರೆಲ್ಲ ನೋಡುತ್ತದೆ,
ನನ್ನೊಬ್ಬಳನ್ನು ಬಿಟ್ಟು.

ಎಲುಬನ್ನು ಒಂದಿಷ್ಟು ಮುರಿಯಬೇಕಾಗುತ್ತದೆ, ಅಂದರು.
ಮುರಿಯಲಿ. ಈ ಮೂಗನ್ನು ಕಂಡು
ಅಮ್ಮ ಮೂಗು ಮುರಿಯುತ್ತಲೇ ಇಪ್ಪತ್ತು ವರ್ಷವಾಯಿತು,
ಅರಿವಳಿಕೆಯನ್ನು ಯಾರೂ ಕೊಟ್ಟಿರಲಿಲ್ಲ.

ರಾತ್ರಿ ಬಚ್ಚಲ ಕನ್ನಡಿಗೆ ಉಸಿರು ತಾಗುವಷ್ಟು ಬಾಗಿ
ಬರಿಗಣ್ಣಲ್ಲಿ ನೋಡಿಕೊಂಡೆ.
ದಿಣ್ಣೆಯ ತುಸು ಮೇಲೆ, ಆಚೆಗೊಂದು ಈಚೆಗೊಂದು
ಸೇಬಿನ ಬೀಜದಷ್ಟು ಕೆಂಪು ಗುಳಿ.
ಹನ್ನೊಂದರ ವಯಸ್ಸಿನಿಂದ ಕನ್ನಡಕ ಒತ್ತಿ ಒತ್ತಿ ಆದದ್ದು.
ಅಪ್ಪನಿಗೆ ಇವಿರಲಿಲ್ಲ.
ದೂರದ್ದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು.

ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿ ಕೇಳಿದೆ, ಆ ಗುಳಿಗಳೂ ಹೋಗುತ್ತವೆಯೇ.
"ಎಲ್ಲ ಸಾಪಾಗುತ್ತದೆ," ಅಂದಳು ಹುಡುಗಿ,
"ಅದಕ್ಕೆ ಬೇರೆ ದುಡ್ಡಿಲ್ಲ."

ಗುರುವಾರ ಹತ್ತು ಗಂಟೆಗೆ ಹೆಸರು ಬರೆಸಿದೆ. ಇವತ್ತು ಮಂಗಳವಾರ.
ಆರೆಗ್ ಎಂಬ ಆರು ವರ್ಷದವನು ಮೊದಲ ಕನ್ನಡಕಕ್ಕೆ ಬಂದಿದ್ದಾನೆ,
ಎತ್ತರದ ಕುರ್ಚಿಯಲ್ಲಿ ಕಾಲು ನೇತಾಡಿಸಿಕೊಂಡು.
"ನೋಯುತ್ತದಾ?"
ಇಲ್ಲ ಮರಿ, ಗುರುತು ಬೀಳುತ್ತದೆ ಅಷ್ಟೆ.
"ಎಲ್ಲಿ?"
ಕನ್ನಡಕ ತೆಗೆದು ಬಾಗಿದೆ. ಮಂಜಿನೊಳಗಿಂದ
ತಣ್ಣಗಿನ ಒಂದು ಪುಟ್ಟ ಬೆರಳು ಬಂದು
ಎಡಗಡೆಯ ಗುಳಿಯಲ್ಲಿ ಸರಿಯಾಗಿ ಕೂತಿತು.

ಹದಿನಾಲ್ಕು, ಬರೆದುಕೊಂಡೆ.
ಚೀಲದಲ್ಲಿ ಲಕೋಟೆ ಹಾಗೇ ಇದೆ.
ಪೆನ್ಸಿಲಿಗೆ ಕೈಹಾಕಿದಾಗೆಲ್ಲ
ಬೆರಳಿಗೆ ಹಿಟ್ಟು.