ಕೊನೆಯ ತೂಬು ಮೊದಲು

ಹರಳೆಣ್ಣೆ ಬಿಸಿ ಮಾಡಿ ಬಟ್ಟಲಲ್ಲಿ ತಂದಿದ್ದೆ.
ರಮೀಜಾ ಮೇಡಂ ಅದನ್ನು ಕಿಟಕಿಯ ಮೇಲಿಟ್ಟು
"ಎಣ್ಣೆ ಬೇಡ, ಕೈ ಜಾರಬಾರದು.
ಚರ್ಮ ನಿಮ್ಮ ಬೆರಳಿನ ಜೊತೆಗೇ ಬರಬೇಕು" ಅಂದರು.
ಶಿವಮೊಗ್ಗದ ದೊಡ್ಡಾಸ್ಪತ್ರೆ, ಹಿಂದಿನ ಸಾಲಿನ ರೂಮು,
ಹೊರಗೆ ಯಾರದೋ ಊಟದ ಕ್ಯಾರಿಯರ್ ಬಿದ್ದು ಉರುಳಿದ ಸದ್ದು.

ಚೌಡಮ್ಮನ ಎಡಗೈ ಮಂಚದ ಮೇಲೆ
ಯಾರೋ ಮರೆತು ಹೋದ ಸಾಮಾನಿನ ಹಾಗೆ ಮಲಗಿತ್ತು.
ಆಪರೇಶನ್ನಿನಲ್ಲಿ ಮೊಲೆಯ ಜೊತೆ
ಕಂಕುಳಿನ ಗಂಟುಗಳನ್ನೂ ತೆಗೆದಿದ್ದರು, ಹನ್ನೊಂದು.
ಎಂಟು ತಿಂಗಳು ಸುಮ್ಮನಿದ್ದ ಕೈ
ಗೌರಿಹಬ್ಬ ಕಳೆದ ವಾರ ಊದತೊಡಗಿತು.
ರವಿಕೆಯ ತೋಳು ಬಿಚ್ಚಿ ಹೊಲಿದಳು, ಮತ್ತೆ ಬಿಚ್ಚಿದಳು.
ಶಾಲೆಯ ಇನ್ನೂರು ಮಕ್ಕಳ ಸಾರಿನ ಪಾತ್ರೆ
ಇಳಿಸುತ್ತಿದ್ದ ಕೈಗೆ ಈಗ ಸೌಟೂ ಭಾರ.

ಮಣಿಕಟ್ಟಿನಿಂದ ಮೇಲಕ್ಕೆ ಒತ್ತಿದೆ, ಗಟ್ಟಿಯಾಗಿ.
ಮೂವತ್ತೊಂದು ವರ್ಷ ತುಂಗಾ ನಾಲೆಯ
ಗೇಟಿನ ಚಕ್ರ ತಿರುಗಿಸಿದ ಅಂಗೈ,
ಇದಕ್ಕೆ ಗೊತ್ತಿರುವುದು ಅದೊಂದೇ.

"ಚಪಾತಿ ಹಿಟ್ಟಲ್ಲ ಸಾರ್ ಅದು,
ಹಾಲಿನ ಮೇಲಿನ ಕೆನೆ. ಹರಿಯದ ಹಾಗೆ ಸರಿಸಿ.
ಮತ್ತೆ, ಕೈಯಿಂದ ಶುರು ಮಾಡಬೇಡಿ, ಕುತ್ತಿಗೆಯಿಂದ.
ಮುಂದಿನ ದಾರಿ ಖಾಲಿಯಾಗದೆ
ಹಿಂದಿನ ನೀರು ಎಲ್ಲಿಗೆ ಹೋಗುತ್ತೆ ಹೇಳಿ?"

ನನಗೆ ನಗು ಬಂತು.
ಕೊನೆಯ ತೂಬು ತೆರೆಯದೆ ಮೇಲಿನ ಗೇಟು ಎತ್ತಿದವನು
ಏರಿ ಒಡೆಸುತ್ತಾನೆ ಅಂತ
ಎಷ್ಟು ಜನ ಹೊಸ ನೀರುಗಂಟಿಗಳಿಗೆ ಬೈದಿಲ್ಲ ನಾನು!
ಮೇಡಂಗೆ ಹೇಳಲಿಲ್ಲ. ಚೌಡಿ ಮಾತ್ರ
ನನ್ನ ಮುಖ ನೋಡಿ ತಾನೂ ನಕ್ಕಳು.

ಈಗ ದಿನಾ ಸಂಜೆ ಏಳಕ್ಕೆ, ಗಾಜನೂರಿನ ಮನೆಯಲ್ಲಿ,
ಟಿವಿ ಸದ್ದು ಸಣ್ಣ ಮಾಡಿ ಕೂರುತ್ತೇವೆ.
ಮೊದಲು ಕೊರಳಮೂಳೆಯ ಮೇಲಿನ ಗುಂಡಿ.
ಎರಡು ಚಿಟಿಕೆ ಉಪ್ಪು ಹಿಡಿಸೀತು, ಅಷ್ಟೇ ಆಳ.
ಇಪ್ಪತ್ತಾರು ವರ್ಷದ ಸಂಸಾರದಲ್ಲಿ
ಅಲ್ಲೊಂದು ಗುಂಡಿ ಇದೆಯೆಂದು ನಾನು ನೋಡಿರಲೇ ಇಲ್ಲ.
ಆಮೇಲೆ ಬಲಗಂಕುಳು. ಪಾಪ, ಅದು
ತನ್ನ ಪಾಲಿನದಲ್ಲದ ನೀರನ್ನೂ ಹೊರಬೇಕು.
ಎದೆಯ ಮೇಲೆ ಹೊಲಿಗೆಯ ಗೆರೆ ಸುತ್ತಿಕೊಂಡು ಹೋಗುವಾಗ
ಇಬ್ಬರೂ ಮಾತಾಡುವುದಿಲ್ಲ.
ತೋಳು, ಮೊಣಕೈ, ಕೊನೆಗೆ ಬೆರಳುಗಳು,
ಅಲ್ಲಿಂದ ಮತ್ತೆ ಮೇಲಕ್ಕೆ, ಬಂದ ದಾರಿಯಲ್ಲೇ.
ಅವಸರ ಮಾಡಿದರೆ ಬೈಯುತ್ತಾಳೆ:
"ಬಸ್ಸು ಹಿಡೀಬೇಕಾ ನಿಂಗೆ?"

ಕಾರ್ತಿಕದಲ್ಲಿ ಒಂದು ದಿನ ಕೈ ಕೆಂಪಾಯಿತು,
ಕೆಂಡದ ಹಾಗೆ ಬಿಸಿ, ಮೈಯೆಲ್ಲ ನಡುಕ.
ಫೋನಿನಲ್ಲಿ ಮೇಡಂ ಒಂದೇ ಮಾತು,
"ಮುಟ್ಟಬೇಡಿ. ಈಗಲೇ ಕರಕೊಂಡು ಬನ್ನಿ."
ಆಟೋದಲ್ಲಿ ಅವಳ ಪಕ್ಕ
ನನ್ನೆರಡು ಕೈ ತೊಡೆಯ ಮೇಲಿಟ್ಟುಕೊಂಡು ಕೂತೆ,
ಆ ರಾತ್ರಿಯೂ, ಮರುದಿನವೂ, ಒಂಬತ್ತು ದಿನ.
ಗೇಟು ಮುಚ್ಚಿದ ನಾಲೆಯ ಏರಿ ಮೇಲೆ
ಸುಮ್ಮನೆ ಓಡಾಡುವುದೂ ನೀರುಗಂಟಿಯ ಕೆಲಸವೇ.
ಆದರೆ ಅದಕ್ಕೆ ಕೈ ಏನು ಮಾಡಬೇಕೋ ಯಾರೂ ಹೇಳುವುದಿಲ್ಲ.

ನಿವೃತ್ತಿಯ ದಿನ ಮನೆಗೆ ತಂದ ಹಳೇ ಗೇಜ್ ಬುಕ್ಕಿನಲ್ಲಿ
ಖಾಲಿ ಹಾಳೆಗಳು ಉಳಿದಿದ್ದವು.
ದಿನಾಂಕ, ಮಟ್ಟ, ಷರಾ ಅನ್ನುವ ಅದೇ ಕಾಲಮ್ಮುಗಳಲ್ಲಿ
ಟೈಲರ್ ಟೇಪಿನ ಲೆಕ್ಕ ಬರೆಯುತ್ತೇನೆ:
ಎಡ ಮಣಿಕಟ್ಟು ಹದಿನೆಂಟೂವರೆ, ಬಲ ಹದಿನಾರು.
ಆಮೇಲೆ ಹದಿನೆಂಟು. ಮದುವೆ ಮನೆಯಲ್ಲಿ ಪಟ್ಟಿ ಕಟ್ಟದೆ
ಪಾತ್ರೆ ತೊಳೆದ ವಾರ ಹತ್ತೊಂಬತ್ತು.
ಷರಾ: ಹೇಳಿದರೆ ಕೇಳುವುದಿಲ್ಲ.
ನಿನ್ನೆ ಹದಿನೇಳೂ ಕಾಲು.
ಎರಡೂ ಸಮ ಆಗುತ್ತಾ ಅಂತ ಕೇಳಿದರೆ ಮೇಡಂ
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
"ದಿನಾ ಮಾಡಿ" ಅಂದರು.

"ನೀನು ಒತ್ತುತ್ತಿದ್ದೀಯೋ ಇಲ್ಲವೋ
ಗೊತ್ತೇ ಆಗಲ್ಲ ಕಣೋ" ಅಂದಳು ಚೌಡಿ ನಿದ್ದೆಗಣ್ಣಲ್ಲಿ.
ಆದರೆ ರಾತ್ರಿ ಎರಡು ಸಲ ಎದ್ದು ಬಚ್ಚಲಿಗೆ ಹೋದಳು.
ಕತ್ತಲಲ್ಲಿ ಮಲಗಿಕೊಂಡೇ ಕೇಳಿಸಿಕೊಂಡೆ,
ಎಣಿಸಿದೆ. ಗೇಜ್ ಬುಕ್ಕಿನಲ್ಲಿ
ಅದಕ್ಕೂ ಒಂದು ಗೆರೆ ಎಳೆದಿದ್ದೇನೆ.