ಅರ್ಧ ಗಂಟೆಯ ತೊಲೆ

ಸಿದ್ದಾಪುರದ ಪೇಟೆ ಮುಗಿಯುವಲ್ಲಿ ಹಳೆಯ ಕಾಫಿ ಗೋದಾಮು.
ಮೇಲಂತಸ್ತಿನಲ್ಲಿ ಮೂವತ್ತೆರಡು ಮಂಚ ಹಾಕಿ
ಹುಡುಗಿಯರ ಹಾಸ್ಟೆಲ್ ಮಾಡುತ್ತಾರಂತೆ.
ನಕ್ಷೆಯಿಲ್ಲ. ಕಟ್ಟಿದ ವರ್ಷ ಯಾರಿಗೂ ಗೊತ್ತಿಲ್ಲ.
ನನ್ನ ಕೈಯಲ್ಲೊಂದು ನಮೂನೆ, ಅದರಲ್ಲೊಂದು ಖಾಲಿ ಚೌಕ:
ಕಟ್ಟಡದ ವರ್ಗ ಒಂದೋ, ಎರಡೋ, ಮೂರೋ, ನಾಲ್ಕೋ?
ಬೆಂಕಿಯ ಮುಂದೆ ಎಷ್ಟು ಗಂಟೆ ನಿಂತೀತು?

"ಬಂಡೆಯ ಹಾಗಿದೆ ಮೇಡಂ," ಎಂದರು ಉತ್ತಯ್ಯ,
ಮಾರುವ ಹಸುವಿನ ಬೆನ್ನು ತಟ್ಟಿದಂತೆ ಗೋಡೆ ತಟ್ಟಿ.
ಗೋಡೆಯ ಬಗ್ಗೆ ನನಗೆ ತಕರಾರಿಲ್ಲ.
ಕಿಟಕಿಯ ಬಳಿ ಟೇಪು ಹಿಡಿದೆ: ಒಂದೂವರೆ ಅಡಿ ಸುಟ್ಟ ಇಟ್ಟಿಗೆ.
ನಾಲ್ಕು ಗಂಟೆ ಕೊಡಬಹುದು, ಕಣ್ಣು ಮುಚ್ಚಿ.
ಆದರೆ ಬೆಂಕಿ ಮೊದಲು ಗೋಡೆಯನ್ನು ಮಾತಾಡಿಸುವುದಿಲ್ಲ.
ಅದಕ್ಕೆ ತಲೆಯೆತ್ತಿ ನೋಡುವ ಚಾಳಿ.

ನಾನೂ ತಲೆಯೆತ್ತಿದೆ. ಸುಣ್ಣ ಬಳಿದ ಮುಚ್ಚಿಗೆ, ನುಣ್ಣಗೆ, ಬೆಳ್ಳಗೆ,
ಕೇಳಿದ್ದಕ್ಕೆಲ್ಲ ಹೌದೆನ್ನುವ ಸಾಕ್ಷಿಯ ಹಾಗೆ.
ಕಾಂಕ್ರೀಟೆಂದರೆ ಕಾಂಕ್ರೀಟು, ಮರವೆಂದರೆ ಮರ.
ಏಣಿ ತರಿಸಿ, ಉಳಿಯಿಟ್ಟು, ಮೂರು ಪೆಟ್ಟು ಕೊಟ್ಟೆ.
ಗಾರೆ ಉದುರಿತು, ಹಿಂದೆಯೇ ಹಲಗೆಪಟ್ಟಿ,
ಇಲಿ ಕೂಡಿಟ್ಟ ಕಾಫಿ ಸಿಪ್ಪೆ ಒಂದು ಬೊಗಸೆ,
ಆಮೇಲೆ ಕತ್ತಲೆ.
ಟಾರ್ಚು ಹಾಕಿದರೂ ಕತ್ತಲೆಯಾಗಿಯೇ ಉಳಿಯಿತು.
ಬೆರಳಿಟ್ಟರೆ ಮಸಿ.

ಆ ತೊಲೆ ಒಮ್ಮೆ ಉರಿದಿತ್ತು.

ಉತ್ತಯ್ಯ ತಮ್ಮ ಚಪ್ಪಲಿ ನೋಡಿಕೊಂಡರು.
ಬಾಯಿ ಬಿಟ್ಟವನು ಕಾವಲಿನ ಮೊಯ್ದು:
"ನನಗೆ ಮೀಸೆ ಬರುವ ಮೊದಲಿನ ಮಾತು.
ಗೋಣಿಗೆ ಹತ್ತಿತು. ರಾತ್ರಿಯಿಡೀ ಉರಿಯಿತು ಮೇಡಂ,
ಸುಬಹಿಯ ಬಾಂಗು ಕೂಗುವ ತನಕ.
ಬಿತ್ತಾ? ಇಲ್ಲ. ನಂದಿ ಮರ."

ಗಟ್ಟಿ ಕೆಂಪು ಸಿಗುವವರೆಗೆ ಚಾಕುವಿನಿಂದ ಕರಿ ಕೆರೆದೆ.
ಇಪ್ಪತ್ತು ಮಿಲಿಮೀಟರು.
ಮರ ಇದ್ದಿಲಾಗುವುದಕ್ಕೂ ಒಂದು ನಡಿಗೆಯಿದೆ,
ಮೂರು ನಿಮಿಷಕ್ಕೆ ಎರಡು ಮಿಲಿಮೀಟರು.
ಅಂದರೆ ಆ ಇಡೀ ರಾತ್ರಿ, ಸುಮಾರು ಅರ್ಧ ಗಂಟೆ.
ಮೊಯ್ದು ಸುಳ್ಳು ಹೇಳಲಿಲ್ಲ.
ಉರಿಯೊಳಗಿಂದ ಗೋಣಿ ಎಳೆಯುವ ಹುಡುಗನಿಗೆ
ಅರ್ಧ ಗಂಟೆ ಬೆಳಗಿನವರೆಗೂ ಸಾಗುತ್ತದೆ.

ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.
ನಾಲ್ಕು ಗಂಟೆಯ ಗೋಡೆ,
ಇದ್ದ ಗಂಟೆಯಲ್ಲಿ ಅರ್ಧ ಆಗಲೇ ಖರ್ಚು ಮಾಡಿಕೊಂಡ ತೊಲೆ.
ಕೂಡಿಸಿ ಭಾಗಿಸುವ ಹಾಗಿಲ್ಲ;
ಜೊತೆಗೆ ಹೊರಟವರಲ್ಲಿ ಕುಂಟುವವನ ನಡಿಗೆಯೇ ಎಲ್ಲರ ನಡಿಗೆ.
ನಾಲ್ಕು ಎಂದು ಬರೆದೆ. ಕೊನೆಯ ವರ್ಗ.

"ಸುಟ್ಟೂ ನಿಂತದ್ದಕ್ಕೆ ಮಾರ್ಕಿಲ್ಲವಾ?" ಕೇಳಿದರು ಉತ್ತಯ್ಯ.
ಇದೆ ಎನ್ನಬೇಕೆನಿಸಿತು.
ಕೈ ಇನ್ನೂ ತೊಲೆಯ ಮೇಲೇ ಇತ್ತು. ತಣ್ಣಗಿತ್ತು.

ಮೇಲೆ ಹೋಗಿ, ಗಡಿಯಾರ ನೋಡಿಕೊಂಡು ಇಳಿದೆ.
ಇರುವುದೊಂದೇ ಮೆಟ್ಟಿಲಸಾಲು, ಅದೂ ಮರದ್ದು, ಒಬ್ಬರ ಹೆಗಲಗಲ.
ಹಗಲು. ಹೊಗೆಯಿಲ್ಲ. ಕಣ್ಣಲ್ಲಿ ನಿದ್ದೆಯಿಲ್ಲ. ನಾನೊಬ್ಬಳೇ.
ಇಪ್ಪತ್ತಾರು ಸೆಕೆಂಡು.

ಮತ್ತೆ ಹತ್ತಿದೆ. ಹಿಂಬದಿಯ ಗೋಡೆಗೆ
ಸೀಮೆಸುಣ್ಣದಲ್ಲಿ ಆಳೆತ್ತರದ ಚೌಕ ಎಳೆದೆ.
"ಇಲ್ಲಿ ಒಡೆಯಿರಿ," ಎಂದೆ,
"ಆಚೆ ಕಬ್ಬಿಣದ ಮೆಟ್ಟಿಲು."
"ಇದೊಂದೇ ಅಲ್ಲವಾ ಗಟ್ಟಿ ಇರುವುದು?"
"ಹೌದು. ಅದನ್ನೇ."

ಮೊಯ್ದು ಬಂದು ಚೌಕದ ನಡುವೆ ಅಂಗೈ ಇಟ್ಟ,
ಮೆಲ್ಲಗೆ ದೂಡಿದ,
ಆ ರಾತ್ರಿಯೂ ಒಮ್ಮೆ ಹೀಗೇ ದೂಡಿ ನೋಡಿದವನಂತೆ.